ರನ್‌ವೇಯಿಂದ ನಲವತ್ತು ಹೆಜ್ಜೆ

ಮಾರ್ಚ್ 1

ಇವತ್ತಿನಿಂದ ದಿನಚರಿ. ಇದನ್ನು ನಾನಲ್ಲದೆ ಯಾರೂ ಓದಕೂಡದು, ಮುಖ್ಯವಾಗಿ ಭಾವ.

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿದು ಹನ್ನೊಂದು ತಿಂಗಳಾಯಿತು. ಈ ಅವಧಿಯಲ್ಲಿ ನಾನು ತಿರಸ್ಕರಿಸಿದ ಕೆಲಸಗಳು ನಾಲ್ಕು. ಮೃಗಾಲಯ: ಅಲ್ಲಿ ಪಂಜರಗಳಿವೆ. ಔಷಧಿ ಕಂಪನಿ: ಅಲ್ಲಿ ಬಿಳಿ ಇಲಿಗಳಿಗೆ ಚುಚ್ಚುತ್ತಾರೆ. ಮೀನು ಸಾಕಣೆ ಕೇಂದ್ರ: ಹೆಸರಿಗೆ ಸಾಕಣೆ, ಕೊನೆಗೆ ಬಾಣಲೆಯೇ. ಜಿರಳೆ ಕೊಲ್ಲುವ ಕಂಪನಿ: ಅದರ ಬಗ್ಗೆ ಬರೆಯಲೂ ಕೈ ಬಾರದು. ನನ್ನನ್ನು ತಿರಸ್ಕರಿಸಿದ ಕೆಲಸಗಳು: ಉಳಿದವೆಲ್ಲ.

ಮಧ್ಯಾಹ್ನ ಊಟಕ್ಕೆ ಅಕ್ಕ, ಭಾವ ಮಹಡಿಯಿಂದ ಇಳಿದು ಬಂದಿದ್ದರು. ಭಾವ ಪತ್ರಿಕೆಯ ಉದ್ಯೋಗದ ಪುಟವನ್ನು ತಟ್ಟೆಯ ಪಕ್ಕದಲ್ಲೇ ಹರಡಿಕೊಂಡು, "ಅಲ್ಲಮ್ಮ, ಪ್ರಾಣಿಶಾಸ್ತ್ರ ಓದಿದೋರು ಪ್ರಾಣಿ ನೋಡ್ಕೋತಾರೆ. ನೀನು ನಮ್ಮ ಪ್ರಾಣ ತಿಂತಿದೀಯ," ಅಂದರು. ಅಕ್ಕ ನಕ್ಕಳು. ಅಮ್ಮ ಗಂಭೀರವಾಗಿ ಎದ್ದು ಅಡುಗೆಮನೆಗೆ ಹೋಗಿ ಅಲ್ಲಿ ನಕ್ಕಳು, ಇಲ್ಲಿಗೆ ಕೇಳಿಸಿತು.

ಕೊನೆಗೆ ಒಪ್ಪಂದವಾಯಿತು. ಇನ್ನೊಂದೇ ಒಂದು ಕೆಲಸ. ಅದರಲ್ಲಿ ಮೂರು ತಿಂಗಳು ನಿಂತು ಕಾಯಂ ಆದರೆ ಸರಿ. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಸೇರುವುದು. ಅದರ ಅರ್ಜಿಯನ್ನು ಭಾವ ಈಗಾಗಲೇ ತುಂಬಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರೆ. ನನ್ನ ಸಹಿ ಒಂದೇ ಬಾಕಿ.

ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡ ನಲವತ್ತೇಳು ಕಿರುಹೊತ್ತಿಗೆಗಳು ನನ್ನ ಮಂಚದ ಕೆಳಗಿವೆ. ನನಗೆ ಕಾಲೇಜು ಕಲಿಸಿದ್ದು ಕಪ್ಪೆಯ ಕರುಳು. ಜಗತ್ತನ್ನು ಕಲಿಸಿದ್ದು ಅವು. 'ಗರಿ ಮತ್ತು ಗುಲಾಮಗಿರಿ', ಪುಟ ಏಳು: "ಕದಲಿಸಿದವನೇ ಕೊಂದವನು." ಇದನ್ನು ಮುಂದಿಟ್ಟುಕೊಂಡು ಕೆಂಪು ಇಂಕಿನಲ್ಲಿ ನಾಲ್ಕು ಪ್ರತಿಜ್ಞೆ ಬರೆಯುತ್ತಿದ್ದೇನೆ. ಯಾವ ಜೀವಿಯನ್ನೂ ಅದು ಇರುವ ಜಾಗದಿಂದ ಕದಲಿಸುವುದಿಲ್ಲ. ಹೊಗೆ ಕಾರುವ ವಾಹನ ಹತ್ತುವುದಿಲ್ಲ. ಯಾರಿಗೂ 'ಸಾರ್' ಅನ್ನುವುದಿಲ್ಲ. ರಾಜಿ ಮಾಡಿಕೊಳ್ಳುವುದಿಲ್ಲ.

ಮಾರ್ಚ್ 4

ವಿಮಾನ ನಿಲ್ದಾಣದಲ್ಲಿ ಸಂದರ್ಶನ. ಹುದ್ದೆ: ರನ್‌ವೇ ಮೇಲೆ ಹಕ್ಕಿಗಳು ಬಾರದಂತೆ ನೋಡಿಕೊಳ್ಳುವುದು. ಪ್ರಾಣಿಶಾಸ್ತ್ರ ಓದಿದವರೇ ಬೇಕಂತೆ. ನಾನು ಹೋದದ್ದು ಕೆಲಸ ಕೇಳಲಿಕ್ಕಲ್ಲ, ಅದನ್ನು ಖಂಡಿಸಲಿಕ್ಕೆ.

ರನ್‌ವೇ ಅಧಿಕಾರಿ ಉದ್ದನೆಯ ಮನುಷ್ಯ. ಅವರ ಮೀಸೆ ಬಿಟ್ಟರೆ ಮುಖದಲ್ಲಿ ಏನೂ ಅಲ್ಲಾಡುವುದಿಲ್ಲ.

"ಹಕ್ಕಿ ಓಡಿಸ್ತೀರಾ?"

"ಆಕಾಶ ಹಕ್ಕಿಗಳದ್ದು. ವಿಮಾನಗಳೇ ಅತಿಕ್ರಮಣ ಮಾಡಿರೋದು."

"ಇರಬಹುದು. ಬಿಸಿಲು ತಡೀತೀರಾ?"

"ನಾನು ಅನ್ಯಾಯ ತಡ್ಕೊಳ್ಳಲ್ಲ, ಬಿಸಿಲು ತಡ್ಕೋತೀನಿ."

ಅವರು ಕಾಗದದ ಮೇಲೆ ಏನೋ ಗುರುತು ಹಾಕಿ, "ಬೇರೆ ಯಾರೂ ಅರ್ಜಿ ಹಾಕಿಲ್ಲ. ಸೋಮವಾರದಿಂದ ಬನ್ನಿ," ಅಂದರು. ಮೂರು ತಿಂಗಳು, ಅಂದರೆ ಮೇ ಕೊನೆಯವರೆಗೆ, ಪರೀಕ್ಷೆಯ ಅವಧಿ. ಅಷ್ಟರಲ್ಲಿ ವಿಮಾನಕ್ಕೆ ಹಕ್ಕಿ ಬಡಿದ ಪ್ರಕರಣ ಮೂರಕ್ಕಿಂತ ಕಡಿಮೆ ಇದ್ದರೆ ಕಾಯಂ. ಮೂರಾದರೆ ಮನೆ.

ಯೋಚಿಸಿದೆ. ಒಳಗಿನಿಂದಲೇ ಹಕ್ಕಿಗಳ ಪರ ಕೆಲಸ ಮಾಡಬಹುದು. ಒಪ್ಪಿಕೊಂಡೆ. ಇದು ರಾಜಿ ಅಲ್ಲ, ಒಳನುಗ್ಗುವಿಕೆ.

ಮಾರ್ಚ್ 6

ಮೊದಲ ದಿನ. ನನಗೆ ಕೊಟ್ಟದ್ದು: ಕಿತ್ತಳೆ ಬಣ್ಣದ ಅಂಗಿ, ದುರ್ಬೀನು, ಸದ್ದು ಮಾಡುವ ಪಟಾಕಿ ಪಿಸ್ತೂಲು, ಒಂದು ಜೀಪು ಮತ್ತು ಅದರ ಚಾಲಕ. ಇಪ್ಪತ್ತು ವರ್ಷದಿಂದ ಇಲ್ಲಿ ಜೀಪು ಓಡಿಸುತ್ತಿರುವುದರಿಂದ ಅವರನ್ನು ಎಲ್ಲರೂ ಜೀಪಣ್ಣ ಅನ್ನುತ್ತಾರೆ. ಪಿಸ್ತೂಲನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ.

"ಹತ್ತಿ ಮೇಡಂ."

"ನಾನು ಹೊಗೆ ಕಾರೋ ವಾಹನ ಹತ್ತಲ್ಲ, ಅಣ್ಣ."

"ಹಂಗಾ? ಆದರೆ ನಿಮ್ಮನ್ನ ಒಬ್ಬರೇ ಬಿಡೋ ಹಂಗಿಲ್ಲ. ನಡೀರಿ, ಪಕ್ಕದಲ್ಲೇ ಬರ್ತೀನಿ."

ರನ್‌ವೇ ಎರಡೂವರೆ ಕಿಲೋಮೀಟರ್. ಅಷ್ಟು ದೂರ ನಾನು ನಡೆದೆ. ಪಕ್ಕದಲ್ಲಿ ಜೀಪು ಮೊದಲನೇ ಗೇರಿನಲ್ಲಿ ನನ್ನ ಮುಖಕ್ಕೇ ಹೊಗೆ ಬಿಡುತ್ತ ಬಂತು. ಹುಲ್ಲಿನಲ್ಲಿ ಅರವತ್ತೆರಡು ಬೆಳ್ಳಕ್ಕಿ. ಅವುಗಳಿಗೆ ಮನಸ್ಸಿನಲ್ಲೇ ವಂದಿಸಿದೆ. ಓಡಿಸಲಿಲ್ಲ. ಎಣಿಸಿದೆ, ಅಷ್ಟೇ.

ಮಾರ್ಚ್ 9

ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಜೀಪಿನ ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಕೂರುವುದು ಸವಾರಿ. ಹಿಂದೆ ಕೂರುವವರು ಸಾಮಾನಿನ ಲೆಕ್ಕ.

ಮಾರ್ಚ್ 15

ಬೆಳಿಗ್ಗೆ ಏಳೂ ಮುಕ್ಕಾಲಿಗೆ ಇಳಿದ ಸಣ್ಣ ವಿಮಾನಕ್ಕೆ ಹಕ್ಕಿ ಬಡಿಯಿತು. ಅಧಿಕಾರಿ ನನ್ನ ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟು, "ಯಾವ ಹಕ್ಕಿ ಅಂತ ಬರೆದುಕೊಡಿ," ಅಂದರು. ಒಳಗೆ ಆರು ಗರಿ, ಒಂದು ಹಳದಿ ಕೊಕ್ಕಿನ ಚೂರು. ಬೆಳ್ಳಕ್ಕಿ.

ಪೈಲಟ್ ಒಬ್ಬಳು ಹುಡುಗಿ. ನನಗಿಂತ ಮೂರೋ ನಾಲ್ಕೋ ವರ್ಷಕ್ಕೆ ದೊಡ್ಡವಳು ಇರಬಹುದು. ಮೆಟ್ಟಿಲ ಮೇಲೆ ಕೂತು ನೀರಿನ ಬಾಟಲಿ ಹಿಡಿದಿದ್ದಳು, ನೀರು ಅಲ್ಲಾಡುತ್ತಿತ್ತು.

"ನಾನು ಅದನ್ನ ನೋಡಿದೆ," ಅಂದಳು. "ಅದೂ ನನ್ನ ನೋಡ್ತು. ಹಿಂದೆ ಹನ್ನೆರಡು ಜನ ಕೂತಿದ್ರು."

ಅತಿಕ್ರಮಣದ ವಿಚಾರ ಅವಳಿಗೆ ಹೇಳಬೇಕೆಂದಿದ್ದೆ. ಬಾಟಲಿಯ ಮುಚ್ಚಳ ಹುಡುಕಿಕೊಟ್ಟೆ.

ಪ್ರಕರಣ ಒಂದು.

ಮಾರ್ಚ್ 16

ಇಡೀ ದಿನ ಹುಲ್ಲಿನಲ್ಲಿ ಮೊಣಕಾಲೂರಿ ನೋಡಿದೆ. ಕಾರಣ ಸಿಕ್ಕಿತು! ಹುಲ್ಲಿನ ಕಂಟ್ರಾಕ್ಟರ್ ಅದನ್ನು ಜಮಖಾನದ ಹಾಗೆ ನುಣ್ಣಗೆ ಕತ್ತರಿಸುತ್ತಾರೆ. ಹುಳ, ಮಿಡತೆ ಎಲ್ಲ ಬಯಲಾಗಿ ಬೆಳ್ಳಕ್ಕಿಗೆ ತಟ್ಟೆಯಲ್ಲಿ ಬಡಿಸಿದ ಹಾಗಾಗುತ್ತದೆ. ಕರೆಯುವವರೂ ನಾವೇ, ಬಂದರೆ ಪಟಾಕಿ ಹಾರಿಸುವವರೂ ನಾವೇ. ಹುಲ್ಲನ್ನು ಅದರ ಪಾಡಿಗೆ ಬಿಟ್ಟರೆ ಬೆಳ್ಳಕ್ಕಿ ತಾನಾಗಿ ಹೋಗುತ್ತದೆ. ಕದಲಿಸುವ ಪ್ರಶ್ನೆಯೇ ಇಲ್ಲ.

ಮಾರ್ಚ್ 22

ಆರು ದಿನ ಕೂತು ಕಿರುಹೊತ್ತಿಗೆ ಬರೆದೆ: 'ಹುಲ್ಲಿಗೆ ಮುಕ್ತಿ'. ಹದಿನಾರು ಪುಟ. ಮೊದಲ ಒಂಬತ್ತು ಪುಟ ಕತ್ತರಿಯ ಇತಿಹಾಸ.

ಅಧಿಕಾರಿ ಅದನ್ನು ಕೈಯಲ್ಲಿ ತೂಗಿ ನೋಡಿದರು. "ಒಂದು ಪುಟದಲ್ಲಿ ಬರೆದುಕೊಡಿ."

"ಸತ್ಯ ಒಂದು ಪುಟದಲ್ಲಿ ಹಿಡಿಯಲ್ಲ."

"ನನ್ನ ಫೈಲಲ್ಲಿ ಒಂದೇ ಪುಟ ಹಿಡಿಯೋದು."

ಬರೆದುಕೊಟ್ಟೆ. ನಿಜ ಹೇಳಬೇಕೆಂದರೆ ಹತ್ತು ಸಾಲು ಸಾಕಾಯಿತು. ಕೊನೆಯ ಸಾಲು: "ಇನ್ನು ಮುಂದೆ ಹುಲ್ಲು ಕತ್ತರಿಸುವುದನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು." ಅವರು ಅಲ್ಲೇ ಸಹಿ ಹಾಕಿದರು. ಸಂತೋಷಕ್ಕೆ ಬಾಯಿಂದ "ಥ್ಯಾಂಕ್ಸ್ ಸಾರ್" ಅಂತ ಬಂದುಬಿಟ್ಟಿತು. ಅದು ಇಂಗ್ಲಿಷ್ ಪದ, ಪ್ರತಿಜ್ಞೆ ಕನ್ನಡದಲ್ಲಿದೆ.

ಏಪ್ರಿಲ್ 10

ಬೆಳ್ಳಕ್ಕಿ: ನಾಲ್ಕು. ಅರವತ್ತೆರಡರಿಂದ ನಾಲ್ಕು! ಒಂದು ಪಟಾಕಿಯೂ ಇಲ್ಲದೆ! ಅಮ್ಮನಿಗೆ ಹೇಳಿದೆ. "ಅಂದ್ರೆ ನಿನಗೆ ಕೆಲಸ ಇಲ್ಲ ಅಂತಾಯ್ತಲ್ಲೇ?" ಅಂದಳು.

ಎರಡು ಸಲ ಚೆನ್ನಾಗಿ ಮಳೆ ಬಂತು. ಹುಲ್ಲು ಮೊಣಕಾಲಿಗೆ ಬಂದಿದೆ. ಗಾಳಿ ಬಂದರೆ ಅಲೆ ಏಳುತ್ತದೆ. ಕ್ರಾಂತಿ ಹೀಗೇ ಕಾಣುತ್ತದೆ.

ಏಪ್ರಿಲ್ 24

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಹುಲ್ಲು ತೆನೆ ಬಿಟ್ಟಿದೆ. ತೆನೆಯೆಂದರೆ ಕಾಳು. ಕಾಳೆಂದರೆ ರಾಟವಾಳ, ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಹಕ್ಕಿ. ಆದರೆ ಬರುವುದು ಇನ್ನೂರು ಮುನ್ನೂರರ ಗುಂಪಿನಲ್ಲಿ. ಕಾಳೆಂದರೆ ಇಲಿಯೂ ಹೌದು. ಇಲಿಯೆಂದರೆ ಹದ್ದು. ಮೊದಲನೇ ವರ್ಷದ ಪಾಠ ಇದು. ಆಹಾರ ಸರಪಳಿಯ ಚಿತ್ರ ಬಿಡಿಸಿ ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದೇನೆ. 'ಹುಲ್ಲಿಗೆ ಮುಕ್ತಿ' ಬರೆಯುವಾಗ ಅದೊಂದು ನೆನಪಾಗಲಿಲ್ಲ.

ಒಂಬತ್ತು ಗಂಟೆಗೆ ರೆಕ್ಕೆಗೆ ಹದ್ದು ಬಡಿದು ವಿಮಾನ ಹಿಂದಿರುಗಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಹದ್ದನ್ನು ಬಿಟ್ಟು.

ಅಧಿಕಾರಿ ಕಿಟಕಿಯಿಂದ ಹುಲ್ಲನ್ನು ನೋಡುತ್ತಲೇ ಅಂದರು: "ಹಕ್ಕಿ ಮೇಡಂ, ಹುಲ್ಲಿಗೆ ಮುಕ್ತಿ ಸಿಕ್ತು. ಇನ್ನು ಪ್ರಯಾಣಿಕರಿಗೂ ಕೊಡಿಸಬೇಡಿ."

ಪ್ರಕರಣ ಎರಡು. ಇನ್ನೊಂದಾದರೆ ಭಾವನ ಜೇಬಿನ ಅರ್ಜಿ. ಅದಕ್ಕಿಂತ ಹೆಚ್ಚಾಗಿ, ಆ ಪೈಲಟ್ ಹುಡುಗಿಯ ಬಾಟಲಿಯಲ್ಲಿ ಅಲ್ಲಾಡುತ್ತಿದ್ದ ನೀರು ನೆನಪಾಗುತ್ತಿದೆ.

ಏಪ್ರಿಲ್ 25

ಕಂಟ್ರಾಕ್ಟರ್ ಹತ್ತಿರ ಹೋದೆ. ನನ್ನನ್ನು ನೋಡಿದ ಕೂಡಲೇ ಕೈ ಮುಗಿದರು. "ಬನ್ನಿ ತಾಯಿ. ನನ್ನ ಮೆಷಿನ್ನಿಗೆ ತುಕ್ಕು ಹಿಡಿಸಿದೋರು ನೀವೇ ಅಲ್ವಾ?"

"ಹುಲ್ಲು ಕತ್ತರಿಸಬೇಕಿತ್ತು."

"ಏನು? ಕಿವಿ ಸರಿಯಾಗಿ ಕೇಳಿಸ್ತಿಲ್ಲ, ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳಿದೆ. ಮೂರನೇ ಸಲ ಕೇಳಿದಾಗ ಜೀಪಣ್ಣ, "ಸಾಕು ಬಿಡೋ ಮಾರಾಯ," ಅಂದರು.

ಜಮಖಾನವೂ ಬೇಡ, ಕಾಡೂ ಬೇಡ; ಒಂದು ಗೇಣು ಎತ್ತರ. ಬೆಳ್ಳಕ್ಕಿಗೆ ಹುಳ ಕಾಣಬಾರದು, ಹುಲ್ಲು ತೆನೆ ಬಿಡಬಾರದು. ಆದರೆ ಯಾರ ಗೇಣು? ಕಂಟ್ರಾಕ್ಟರ್ ಕೈ ಬಾಳೆಲೆಯಷ್ಟಿದೆ. ಅರ್ಧ ಗಂಟೆ ಮೂವರೂ ಗೋಡೆಗೆ ಕೈ ಹಚ್ಚಿ ನಿಂತಿದ್ದೆವು. ಕೊನೆಗೆ ಜೀಪಣ್ಣನ ಬೂಟಿನ ಎತ್ತರ ಎಂದು ತೀರ್ಮಾನವಾಯಿತು.

ಏಪ್ರಿಲ್ 27

ಕತ್ತರಿಸುವ ಯಂತ್ರದ ಮುಂದೆ ನಡೆಯುತ್ತ ಕಪ್ಪೆ, ಓತಿಗಳನ್ನು ಪಕ್ಕಕ್ಕೆ ಕಳಿಸುತ್ತಿದ್ದೆ. ರನ್‌ವೇ ಅಂಚಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಹುಲ್ಲಿಲ್ಲದ ಜಲ್ಲಿಯ ತುಣುಕಿನಿಂದ ಒಂದು ಟಿಟ್ಟಿಭ ಎದ್ದು ನನ್ನ ನೆತ್ತಿಯ ಮೇಲೆ ಕಿರುಚಿಕೊಂಡು ಸುತ್ತಿತು. ಉದ್ದ ಹಳದಿ ಕಾಲು, ಕೊಕ್ಕಿನ ಬುಡದಲ್ಲಿ ಕೆಂಪು ಚರ್ಮ, ನ್ಯಾಯ ಕೇಳುವ ಗಂಟಲು. ನೋಡುತ್ತಲೇ ಇಷ್ಟವಾಯಿತು.

ಗೂಡು ಅಂದರೆ ಬೊಗಸೆಯಷ್ಟು ತಗ್ಗು, ಸುತ್ತ ಚಿಕ್ಕ ಕಲ್ಲು. ಅದರಲ್ಲಿ ನಾಲ್ಕು ಮೊಟ್ಟೆ, ಮಣ್ಣಿನ ಬಣ್ಣ, ಕಪ್ಪು ಕಲೆ. ನಾಲ್ಕರ ಚೂಪು ತುದಿಯೂ ಒಳಮುಖವಾಗಿ, ನಾಲ್ಕು ಜನ ತಲೆ ಸೇರಿಸಿ ಗುಟ್ಟು ಮಾತಾಡುವ ಹಾಗೆ.

"ಇದು ಆಕಾಶ ಬೀಳುತ್ತೆ ಅಂತ ಕಾಲು ಮೇಲೆ ಮಾಡ್ಕೊಂಡು ಮಲಗೋ ಹಕ್ಕಿ," ಅಂದರು ಜೀಪಣ್ಣ. "ಬಿದ್ರೆ ಹಿಡ್ಕೊಳ್ಳೋಕೆ. ಪಾಪ, ಇಡೀ ಆಕಾಶದ ಜವಾಬ್ದಾರಿ ತಗೊಂಡುಬಿಟ್ಟಿದೆ." ಯಾಕೋ ನನ್ನ ಮುಖ ನೋಡಿ ನಕ್ಕರು.

ಅಧಿಕಾರಿ ಬಂದು ನಿಯಮದ ಪುಸ್ತಕ ತೆರೆದರು. ರನ್‌ವೇಯಿಂದ ನಲವತ್ತು ಹೆಜ್ಜೆ ದೂರಕ್ಕೆ ಬಿಳಿ ಕಲ್ಲುಗಳ ಸಾಲಿದೆ. ಅದರ ಒಳಗೆ ಗೂಡಿದ್ದರೆ ಮೊಟ್ಟೆ ತೆಗೆಸಬೇಕು. ನಾನು ಗೂಡಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಧರಣಿ! 'ಗರಿ ಮತ್ತು ಗುಲಾಮಗಿರಿ'ಯ ಏಳನೇ ಪುಟವನ್ನು ಗಟ್ಟಿಯಾಗಿ ಹೇಳಿದೆ. ಅಧಿಕಾರಿ ಗಡಿಯಾರ ನೋಡಿದರು. ಕಂಟ್ರಾಕ್ಟರ್ ಯಂತ್ರ ನಿಲ್ಲಿಸಿ ಊಟದ ಡಬ್ಬಿ ತೆಗೆದರು. ಬಿಸಿಲು ನೆತ್ತಿಗೆ ಬಂತು. ನಾನು ಕದಲಲಿಲ್ಲ. ಟಿಟ್ಟಿಭ ಮೇಲೆ ಸುತ್ತುತ್ತಲೇ ಇತ್ತು. ನನಗೆ ಜೈಕಾರ ಹಾಕುತ್ತಿದೆ ಎಂದುಕೊಂಡೆ.

ಇಪ್ಪತ್ತು ನಿಮಿಷವಾದ ಮೇಲೆ ಜೀಪಣ್ಣ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, "ಮೇಡಂ, ನೀವು ಎದ್ರೆ ಅದು ಕೂರುತ್ತೆ," ಅಂದರು.

ಮೊಟ್ಟೆ ಮುಟ್ಟಿದೆ. ಕಾದ ಕಲ್ಲಿನ ಹಾಗಿತ್ತು.

ಓಡಿಹೋಗಿ ಜೀಪಿನಲ್ಲಿ ಕೂತೆ. ಮುಂದಿನ ಸೀಟೋ ಹಿಂದಿನದೋ ನೋಡಲಿಲ್ಲ. ಹಕ್ಕಿ ಇಳಿದು, ಹೊಟ್ಟೆಯ ಗರಿ ಬಿಚ್ಚಿ, ಮೊಟ್ಟೆಗಳ ಮೇಲೆ ನಿಂತು ನೆರಳು ಮಾಡಿತು. ಆಗ ನನಗೆ ಅಳು ಬಂತು. ಅಧಿಕಾರಿ ಬೇರೆ ಕಡೆ ನೋಡುತ್ತ ಅಂದರು: "ಹತ್ತು ದಿನ ಕೊಡ್ತೀನಿ. ಪ್ರಾಣಿಶಾಸ್ತ್ರ ಓದಿದೀರಲ್ಲ, ಏನಾದ್ರೂ ದಾರಿ ಇದ್ರೆ ನೋಡಿ. ಇಲ್ಲಾಂದ್ರೆ ಪುಸ್ತಕದಲ್ಲಿರೋದು."

"ನೋಡ್ತೀನಿ ಸಾರ್."

ಏಪ್ರಿಲ್ 28

ನಲವತ್ತೇಳು ಹೊತ್ತಿಗೆಗಳಲ್ಲೂ ಟಿಟ್ಟಿಭದ ಮಾತೇ ಇಲ್ಲ. ಅಟ್ಟದಿಂದ ಎಂ.ಎಸ್ಸಿ.ಯ ನೋಟುಪುಸ್ತಕ ಇಳಿಸಿದೆ. ಪಕ್ಷಿಗಳ ಅಧ್ಯಾಯದ ಅಂಚಿನಲ್ಲಿ ನನ್ನದೇ ಪೆನ್ಸಿಲ್ ಅಕ್ಷರ: ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಯ ಗೂಡನ್ನು ಸ್ವಲ್ಪ ಸ್ವಲ್ಪವೇ ಸರಿಸಿದರೆ ತಾಯಿ ಹಿಂದೆಯೇ ಬರಬಹುದು. 'ಬರಬಹುದು' ಅಡಿಯಲ್ಲಿ ಗೆರೆ ಎಳೆದಿದ್ದೇನೆ.

ಇರುವುದು ಹನ್ನೆರಡನೇ ಹೆಜ್ಜೆಯಲ್ಲಿ. ಇನ್ನು ಇಪ್ಪತ್ತೆಂಟು. ದಿನಕ್ಕೆ ಮೂರು.

ಮೂರು ಹೆಜ್ಜೆ ಆಚೆ ಅದೇ ಆಳದ ತಗ್ಗು ಮಾಡಿ, ಅದೇ ಕಲ್ಲುಗಳನ್ನು ಹಾಸಿ, ಮೊಟ್ಟೆಗಳನ್ನು ಇಟ್ಟು ಜೀಪಿಗೆ ಓಡಿದೆ. ಹಕ್ಕಿ ಹಳೇ ಜಾಗಕ್ಕೆ ಬಂತು. ಬರಿದು. ಕತ್ತು ಓರೆ ಮಾಡಿ ನನ್ನ ಕಡೆ ನೋಡಿತು. ನಾನು ಉಸಿರು ಬಿಗಿ ಹಿಡಿದೆ, ಜೀಪಣ್ಣನೂ ಹಿಡಿದಿದ್ದರು. ಹನ್ನೊಂದು ನಿಮಿಷ. ಆಮೇಲೆ ಏನೂ ಆಗದವರ ಹಾಗೆ ನಡೆದುಕೊಂಡು ಹೋಗಿ ಹೊಸ ತಗ್ಗಿನಲ್ಲಿ ಕೂತಿತು. ಚೂಪು ತುದಿ ಹೊರಮುಖವಾಗಿ ಇಟ್ಟಿದ್ದೆ. ಅದು ಒಂದೊಂದಾಗಿ ತಿರುಗಿಸಿಕೊಂಡಿತು.

ಏಪ್ರಿಲ್ 29

ಮೂರು ಹೆಜ್ಜೆ. ಎಂಟು ನಿಮಿಷ.

ಏಪ್ರಿಲ್ 30

ಮೂರು ಹೆಜ್ಜೆ. ಐದು ನಿಮಿಷ. ಅದಕ್ಕೆ ಜೀಪಿನ ಭಯವಿಲ್ಲ, ಮನುಷ್ಯರದ್ದಷ್ಟೇ. ಜೀಪಿನೊಳಗೆ ಕೂತರೆ ನಾನು ಜೀಪು. ಮುಂದಿನ ಸೀಟಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಮೇ 3

ಹದ್ದು ಗೂಡಿನ ಮೇಲೆ ಎರಡು ಸುತ್ತು ಹಾಕಿತು. ಮೂರನೆಯದು ಕೆಳಗೆ ಬರುತ್ತಿತ್ತು. ಪಿಸ್ತೂಲು ಯಾವಾಗ ಡಬ್ಬಿಯಿಂದ ಹೊರಬಂತೋ ಗೊತ್ತಿಲ್ಲ. ಒಂದೇ ಪಟಾಕಿ. ಹದ್ದು ಬೇಲಿಯ ಆಚೆ ಹೋಯಿತು.

"ಓಡಿಸಿಬಿಟ್ರಲ್ಲ ಮೇಡಂ!" ಅಂದರು ಜೀಪಣ್ಣ.

"ಓಡಿಸಲಿಲ್ಲ ಅಣ್ಣ. ಮಧ್ಯಸ್ಥಿಕೆ ಮಾಡಿದೆ."

ಮೇ 5

ಜೀಪಣ್ಣನಿಗೆ ಜ್ವರ, ರಜೆ. ಗೂಡಿಗೆ ರಜೆ ಇಲ್ಲವಲ್ಲ. ಅವರು ಎರಡು ದಿನದಿಂದ ಖಾಲಿ ಹೊತ್ತಿನಲ್ಲಿ ಕ್ಲಚ್ಚು, ಬ್ರೇಕು ಹೇಳಿಕೊಟ್ಟಿದ್ದರು. ಅಧಿಕಾರಿಯನ್ನು ಕೇಳಿದೆ. "ಮೊದಲನೇ ಗೇರು ದಾಟಬೇಡಿ," ಅಂದರು. ಇಡೀ ದಿನ ಮೊದಲನೇ ಗೇರಿನಲ್ಲೇ ಓಡಿಸಿದೆ. ಜೀಪಿಗೆ ಹೆದರಿ ಹಕ್ಕಿ ಒಂದು ಸಲವೂ ಏಳಲಿಲ್ಲ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಮಧ್ಯಾಹ್ನ ಅದು ಚರಂಡಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡಿತು. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ. ನೋಡಿದ್ದು ಮೊದಲ ಸಲ. ಊಟ ಮಾಡುವುದು ಮರೆತೆ.

ಮೇ 7

ಬಿಳಿ ಕಲ್ಲಿನ ಸಾಲು ದಾಟಿತು! ಗಡುವಿನ ಕೊನೆಯ ದಿನ, ಕೊನೆಯ ಒಂದು ಹೆಜ್ಜೆ. ಅಧಿಕಾರಿ ತಾವೇ ಬಂದು ಉದ್ದ ಕಾಲು ಮಡಚಿಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಕೂತರು.

"ಯಾವುದು ಮೊಟ್ಟೆ, ಯಾವುದು ಕಲ್ಲು?"

"ಸಾರ್, ತಲೆ ತಗ್ಗಿಸಿ. ನಿಮ್ಮ ಟೋಪಿ ಅದಕ್ಕೆ ಇಷ್ಟ ಆಗ್ತಿಲ್ಲ."

ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಾಲು ಗಂಟೆ ನೋಡಿದರು. ಮೀಸೆ ಎರಡು ಸಲ ಅಲ್ಲಾಡಿತು.

ಇಪ್ಪತ್ತೆಂಟು ಹೆಜ್ಜೆ ಬಂದುಬಿಟ್ಟಿದೆ ಎಂದು ಆ ಹಕ್ಕಿಗೆ ಗೊತ್ತೇ ಇಲ್ಲ. ಅದೇ ಕಲ್ಲು, ಅದೇ ಮೊಟ್ಟೆ, ಅದೇ ಕಿರುಚಾಟ. ಅದರ ಲೆಕ್ಕದಲ್ಲಿ ಅದು ಒಂದು ಹೆಜ್ಜೆಯೂ ಕದಲಿಲ್ಲ. ಇದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮೇ 24

ಮೂರು ಮರಿ. ನಾಲ್ಕನೆಯದು ಒಡೆಯಲಿಲ್ಲ, ನಾನು ಕೂತಿದ್ದ ಆ ಇಪ್ಪತ್ತು ನಿಮಿಷದ್ದಿರಬಹುದು. ಗೊತ್ತಾಗುವ ದಾರಿ ಇಲ್ಲ. ಹಕ್ಕಿ ಮರಿಗಳನ್ನು ಕರೆದುಕೊಂಡು ಬೇಲಿಯ ಕಡೆ ಹೋಯಿತು, ರನ್‌ವೇ ಕಡೆಗಲ್ಲ. ಕಡ್ಡಿಗೆ ಹತ್ತಿ ಸುತ್ತಿದ ಹಾಗೆ ಮೂರು ಮರಿ ಓಡುತ್ತಿದ್ದವು. ಒಡೆಯದ ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದೇನೆ.

ಮೇ 31

ಪ್ರಕರಣ ಎರಡೇ. ಕಾಯಂ ಪತ್ರ ಬಂತು. ಅಧಿಕಾರಿ ಕೊಡುತ್ತ, "ಹುಲ್ಲಿನ ಬಗ್ಗೆ ಬೇರೆ ನಿಲ್ದಾಣದೋರು ಕೇಳ್ತಿದಾರೆ. ಒಂದು ಪುಟ ಬರೆದುಕೊಡಿ," ಅಂದರು. ಅರ್ಧ ಪುಟ ಸಾಕು ಎಂದೆ.

ಅಮ್ಮ ಪತ್ರವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದಳು. ಭಾವ ಜೇಬಿನಿಂದ ಕೋಚಿಂಗ್ ಅರ್ಜಿ ತೆಗೆದು ನನ್ನೆದುರೇ ಹರಿದರು. ಮೂರು ತಿಂಗಳು ಮಡಿಸಿಟ್ಟದ್ದರಿಂದ ಅದು ತಾನೇ ಹರಿಯಿತು ಅನ್ನಬೇಕು.

"ಅದ್ಸರಿ," ಅಂದರು, "ಏನೋ ಪ್ರತಿಜ್ಞೆ ಮಾಡಿದ್ದೆಯಲ್ಲಮ್ಮ, ಅದೆಲ್ಲ ಏನಾಯ್ತು?"

ಅಂದರೆ ದಿನಚರಿ ಓದಿದ್ದಾರೆ! ಕೂಡಲೇ ಕೋಣೆಗೆ ಬಂದು ಮೊದಲ ಪುಟ ತೆರೆದೆ. ಕೆಂಪು ಇಂಕು ಹಾಗೇ ಇದೆ. ನಾಲ್ಕನ್ನೂ ಒಂದೊಂದಾಗಿ, ನಿಷ್ಠುರವಾಗಿ ಓದಿ ನೋಡಿದೆ. ತೃಪ್ತಿಯಾಯಿತು. ನಾನು ಹೊರಟ ಜಾಗದಲ್ಲೇ ಇದ್ದೇನೆ. ಒಂದು ಹೆಜ್ಜೆಯೂ ಕದಲಿಲ್ಲ.

ನಾಳೆ ಮರೆಯದೆ: ಪಟಾಕಿ ಮುಗಿಯುತ್ತ ಬಂದಿದೆ, ಸಾರ್ ಹತ್ತಿರ ಎರಡು ಡಬ್ಬಿ ಕೇಳುವುದು. ಜೀಪಿನ ಎರಡನೇ ಗೇರು ಸ್ವಲ್ಪ ಬಿಗಿಯಾಗಿದೆ, ಅಣ್ಣನಿಗೆ ಹೇಳುವುದು. ದಿನಚರಿಗೆ ಬೀಗ.